ಮನೆಯಿಂದಲೇ ವಿದೇಶಿ ಹೈಸ್ಕೂಲು ಡಿಪ್ಲೊಮಾ: ಪೋಷಕರು ತಿಳಿಯಬೇಕಾದುದು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಹಳೆಯ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ಗೋರಂಟ್ಲಕ್ಕೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ನನ್ನ ವಿಷಯವನ್ನೇ ಬದಲಿಸಿತು. ಆಕೆ ಈಗ ಬೆಂಗಳೂರಿನಲ್ಲಿ ನೆಲೆಸಿದ್ದಾಳೆ. ಮಗನಿಗೆ ಕಾಲಿನ ಶಸ್ತ್ರಚಿಕಿತ್ಸೆಯಾಗಿ, ಒಂಬತ್ತನೆಯ ತರಗತಿಯ ನಂತರ ಶಾಲೆಗೆ ಹೋಗುವಂತಿರಲಿಲ್ಲ. “ಮೇಷ್ಟ್ರೇ, ಮನೆಯಲ್ಲಿ ಕೂತೇ ಕಂಪ್ಯೂಟರಿನಲ್ಲಿ ಪಾಠ ಕೇಳಿ ಅಮೆರಿಕದ ಹೈಸ್ಕೂಲು ಡಿಪ್ಲೊಮಾ ತಗೋಬಹುದಂತೆ. ದುಡ್ಡು ಕಟ್ಟಲಾ, ಬೇಡವಾ?” ಎಂದು ಕೇಳಿದಳು. ಕೂಡಲೇ ಉತ್ತರಿಸಲು ನನಗೆ ತಿಳಿಯಲಿಲ್ಲ. ಅನಂತರ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮನೆಯಲ್ಲಿದ್ದು ಓದುವುದು ಹೊಸದೇನಲ್ಲ

ಕಂಪ್ಯೂಟರು ಬರುವುದಕ್ಕೆ ಬಹಳ ಮೊದಲೇ ಅಮೆರಿಕದಲ್ಲಿ ಅಂಚೆಯ ಮೂಲಕ ಶಾಲಾ ಪಾಠಗಳು ಮನೆಗಳನ್ನು ತಲುಪುತ್ತಿದ್ದವು. ನೆಬ್ರಾಸ್ಕ ವಿಶ್ವವಿದ್ಯಾಲಯವು 1929ರಲ್ಲಿಯೇ ಹೈಸ್ಕೂಲು ಪಾಠಗಳನ್ನು ಅಂಚೆಯಲ್ಲಿ ಕಳುಹಿಸಲಾರಂಭಿಸಿತು. ಫ್ಲಾರಿಡಾ ರಾಜ್ಯವು 1997ರಲ್ಲಿ ಅಂತರ್ಜಾಲದ ಮೂಲಕವೇ ಪಾಠ ಹೇಳುವ ಸಾರ್ವಜನಿಕ ಶಾಲೆಯನ್ನು ತೆರೆಯಿತು. ಆದ್ದರಿಂದ ಈ ಪದ್ಧತಿಯೇ ಮೋಸವೆಂದು ತಳ್ಳಿಹಾಕುವುದು ಸರಿಯಲ್ಲ.

ಅಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ತರಗತಿಗಳು. ವಿದ್ಯಾರ್ಥಿಯು ವಿಷಯವಾರು ‘ಕ್ರೆಡಿಟ್’ಗಳನ್ನು ಗಳಿಸುತ್ತಾ ಹೋಗುತ್ತಾನೆ. ಸುಮಾರು 120 ಗಂಟೆಗಳ ಪಾಠಕ್ಕೆ ಒಂದು ಮಾನವೆಂಬುದು 1906ರಿಂದ ಬಂದ ಲೆಕ್ಕ. ಇಂಗ್ಲಿಷು, ಗಣಿತ, ವಿಜ್ಞಾನ, ಸಮಾಜ ಪಾಠಗಳಲ್ಲಿ ಗೊತ್ತುಪಡಿಸಿದಷ್ಟು ಕ್ರೆಡಿಟ್‌ಗಳು ಸೇರಿದರೆ ಡಿಪ್ಲೊಮಾ ದೊರೆಯುತ್ತದೆ. ಎಷ್ಟು ಬೇಕೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಸಹಿಯ ಹಿಂದೆ ಯಾರಿದ್ದಾರೆ?

ನಮ್ಮ ಪೋಷಕರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಹತ್ತನೆಯ ತರಗತಿಯ ಪ್ರಮಾಣಪತ್ರವನ್ನು ಶಾಲೆ ಕೊಡುವುದಿಲ್ಲ, ಪರೀಕ್ಷಾ ಮಂಡಳಿ ಕೊಡುತ್ತದೆ. ಮುಖ್ಯೋಪಾಧ್ಯಾಯನಾಗಿ ನಾನು ಎಷ್ಟೋ ವರ್ಗಾವಣೆ ಪತ್ರಗಳಿಗೆ ಸಹಿ ಹಾಕಿದ್ದೇನೆ. ಆದರೆ ಮಕ್ಕಳು ಉತ್ತೀರ್ಣರಾದರೆಂದು ಘೋಷಿಸುವ ಅಧಿಕಾರ ನನಗಿರಲಿಲ್ಲ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷಾ ಮಂಡಳಿ ಎಂಬುದಿಲ್ಲ. ಡಿಪ್ಲೊಮಾ ಕೊಡುವುದು ಆಯಾ ಶಾಲೆಯೇ. ಹಾಗಾದರೆ ಆ ಶಾಲೆಯ ಮಾತಿಗೆ ಬೆಲೆ ಬರುವುದು ಹೇಗೆ? ಸ್ವತಂತ್ರವಾದ ಮಾನ್ಯತಾ ಸಂಸ್ಥೆಗಳು ಶಾಲೆಯನ್ನು ಪರಿಶೀಲಿಸಿ ಮಾನ್ಯತೆ ನೀಡುತ್ತವೆ. ಕಾಗ್ನಿಯಾ ಎಂಬುದು ಅಂಥ ದೊಡ್ಡ ಸಂಸ್ಥೆಗಳಲ್ಲೊಂದು. ಮಾನ್ಯತೆಯಿಲ್ಲದ ಶಾಲೆಯ ಡಿಪ್ಲೊಮಾ ನೋಡಲು ಎಷ್ಟೇ ಅಂದವಾಗಿದ್ದರೂ ಅದರ ಹಿಂದೆ ನಿಲ್ಲುವವರು ಯಾರೂ ಇರುವುದಿಲ್ಲ. ಕೆಲವೇ ದಿನಗಳಲ್ಲಿ ಒಂದೇ ಪರೀಕ್ಷೆ ಬರೆಸಿ ಡಿಪ್ಲೊಮಾ ಕೊಡುತ್ತೇವೆಂದು ಯಾರಾದರೂ ಹೇಳಿದರೆ, ಅದು ಶಾಲೆಯಲ್ಲ, ಅಂಗಡಿ ಎಂದು ತಿಳಿಯಬೇಕು.

ನನಗೆ ಪರಿಚಯವಿದ್ದ ಕುಟುಂಬವೊಂದರ ಹುಡುಗನಿಗೆ ಹೀಗೆಯೇ ಆಯಿತು. ಮಧ್ಯವರ್ತಿಯೊಬ್ಬರ ಮಾತು ನಂಬಿ ಹಣ ಕಟ್ಟಿದರು. ಸುಂದರವಾದ ಪ್ರಮಾಣಪತ್ರವೂ ಬಂತು. ಕಾಲೇಜಿನ ಕಚೇರಿಯಲ್ಲಿ ‘ಸಮಾನತಾ ಪತ್ರ ಎಲ್ಲಿ?’ ಎಂದು ಕೇಳಿದಾಗ ತಂದೆಮಗ ಮುಖ ಮುಖ ನೋಡಿಕೊಂಡರು. ಹಣ ಹೋದುದಕ್ಕಿಂತ, ಹುಡುಗನ ಒಂದು ವರ್ಷ ಹೋಯಿತಲ್ಲ ಎಂಬ ಕೊರಗು ಆ ತಂದೆಗೆ ಇಂದಿಗೂ ಇದೆ.

ಸಮಾನತೆ ಎಂದರೆ, ಹೊರದೇಶದ ಶಿಕ್ಷಣವು ನಮ್ಮ ಹನ್ನೆರಡನೆಯ ತರಗತಿಗೆ ಸಮವೆಂಬ ಅಧಿಕೃತ ಒಪ್ಪಿಗೆ. 1925ರಲ್ಲಿ ಸ್ಥಾಪನೆಯಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಬಹುಕಾಲದಿಂದ ಇದನ್ನು ನೀಡುತ್ತ ಬಂದಿದೆ. 2025ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವೂ ವಿದೇಶಿ ಅರ್ಹತೆಗಳ ಬಗೆಗೆ ಹೊಸ ನಿಯಮಾವಳಿಯನ್ನು ಹೊರಡಿಸಿತು. ಆದ್ದರಿಂದ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಶಾಲೆಗೆ ಮಾನ್ಯತೆ ಕೊಟ್ಟವರು ಯಾರು? ಮನೆಯಲ್ಲಿ ಕುಳಿತು ಓದಿದ ಡಿಪ್ಲೊಮಾಕ್ಕೆ ನಮ್ಮಲ್ಲಿ ಸಮಾನತೆ ದೊರೆಯುತ್ತದೆಯೇ? ಮಗು ಮುಂದೆ ಸೇರಬೇಕೆಂದಿರುವ ಕಾಲೇಜು ಅದನ್ನು ಒಪ್ಪುತ್ತದೆಯೇ? ಮೂರಕ್ಕೂ ಉತ್ತರವನ್ನು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಪಡೆಯಬೇಕು.

ನಮ್ಮ ದೇಶದಲ್ಲಿಯೇ ಇರುವ ದಾರಿ

ವಿದೇಶಕ್ಕೇ ಹೋಗಿ ಓದುವ ಉದ್ದೇಶವಿಲ್ಲದವರು ಅಷ್ಟು ದೂರ ನೋಡಬೇಕಾಗಿಲ್ಲ. 1979ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ ಪ್ರಯೋಗವಾಗಿ ಆರಂಭವಾದ ಮುಕ್ತ ಶಾಲೆಯು 1989ರಲ್ಲಿ ಸ್ವಾಯತ್ತ ರಾಷ್ಟ್ರೀಯ ಸಂಸ್ಥೆಯಾಯಿತು. 1990ರಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಸರ್ಕಾರ ಅದಕ್ಕಿತ್ತಿತು. 2002ರಿಂದ ಅದರ ಹೆಸರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ನಮ್ಮ ಆಂಧ್ರದಲ್ಲಿಯೂ 1991ರಲ್ಲಿ ಮುಕ್ತ ಶಾಲಾ ಸಂಘ ಸ್ಥಾಪನೆಯಾಯಿತು.

ರಾಷ್ಟ್ರೀಯ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷ ತುಂಬಿದವರು ಹತ್ತನೆಯ ತರಗತಿಗೆ ಸೇರಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಸಾಕು; ಎಲ್ಲವನ್ನೂ ಒಮ್ಮೆಗೇ ಬರೆಯಬೇಕಾಗಿಲ್ಲ. ಐದು ವರ್ಷಗಳ ಅವಧಿಯಿದೆ, ವರ್ಷಕ್ಕೆ ಎರಡು ಬಾರಿ ಪರೀಕ್ಷೆಯಿದೆ. ಕನ್ನಡವನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಲೂಬಹುದು. ಗಡಿನಾಡಿನವರಾದ ನಮಗೆ ಇದು ಸಣ್ಣ ಮಾತಲ್ಲ.

ಒಂದು ಎಚ್ಚರಿಕೆ

ಕೊನೆಯಲ್ಲಿ ನನ್ನದೇ ಒಂದು ಸೋಲನ್ನು ಹೇಳಿಕೊಳ್ಳುತ್ತೇನೆ. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತ್ತು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಉಪಾಧ್ಯಾಯನಾಗಿದ್ದ ನಾನು ಕೆಲವು ವರ್ಷಗಳ ತರುವಾಯ ಅದಕ್ಕೆ ಸೇರಿದೆ. ಪಾಠಗಳ ಕಟ್ಟು ತಪ್ಪದೆ ಬರುತ್ತಿತ್ತು. ಸಂದೇಹ ಬಂದರೆ ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇಂದು ಓದೋಣ, ನಾಳೆ ಓದೋಣ ಎನ್ನುತ್ತಾ ಪರೀಕ್ಷೆಗೆ ಕೂರಲೇ ಇಲ್ಲ. ಆ ಕಟ್ಟು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಪಾಠ ಮನೆಗೆ ಬಂದರೂ ಶಾಲೆಯ ಗಂಟೆ ಮನೆಗೆ ಬರುವುದಿಲ್ಲ. ಆ ಗಂಟೆಯನ್ನು ತಾಯಿತಂದೆಯರೇ ಬಾರಿಸಬೇಕು.

ಇದನ್ನೆಲ್ಲ ಆ ತಾಯಿಗೆ ತಿಳಿಸಿದೆ. ಆಕೆ ಮಗನನ್ನು ರಾಷ್ಟ್ರೀಯ ಮುಕ್ತ ಶಾಲೆಗೆ ಸೇರಿಸಿದ್ದಾಳೆ. ಸಂಜೆ ಇಬ್ಬರು ಗೆಳೆಯರು ಅವನ ಮನೆಗೆ ಬಂದು ಜೊತೆಯಲ್ಲಿ ಓದುತ್ತಾರಂತೆ. ಕೇಳಿ ಸಮಾಧಾನವಾಯಿತು.

ಐವತ್ತು ವರ್ಷಗಳ ಕಾಲ ನಮ್ಮ ಶಾಲೆ ಮಕ್ಕಳಿಗೆ ಕೊಟ್ಟಿರುವುದು ಅಕ್ಷರವನ್ನಷ್ಟೇ ಅಲ್ಲ, ಆ ಜೊತೆಯನ್ನೂ ಕೂಡ. ಅದು ನೂರರ ಸಂಭ್ರಮವನ್ನೂ ಕಾಣಲೆಂದು ಮನಃಪೂರ್ವಕವಾಗಿ ಹಾರೈಸುತ್ತೇನೆ.