ಹಳ್ಳಿಯ ಮನೆಗೆ ಬರಬೇಕಾದ ಚಿಕಿತ್ಸೆ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯು ಬೆಂಗಳೂರಿಗೆ ಹತ್ತಿರವೇ ಇದ್ದರೂ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಒಳಹಳ್ಳಿಯಿಂದ ಕತ್ತು ನಿಲ್ಲದ ಮಗುವನ್ನು ಎತ್ತಿಕೊಂಡು ಮತ್ತೆ ಮತ್ತೆ ಬೆಂಗಳೂರಿನ ನರರೋಗ ಆಸ್ಪತ್ರೆಯಾದ ನಿಮ್ಹಾನ್ಸ್‌ಗೆ ಹೋಗಿಬರುವುದು ಕೂಲಿಯನ್ನೇ ನಂಬಿದ ಕುಟುಂಬಕ್ಕೆ ಆಗದ ಮಾತು. ಚಲನೆ, ಮಾತು, ಕಲಿಕೆ, ಒಡನಾಟ ಇವುಗಳಲ್ಲಿ ಮಗು ವಯಸ್ಸಿಗೆ ತಕ್ಕಂತೆ ಮುಂದುವರಿಯದಿರುವುದನ್ನು ಬೆಳವಣಿಗೆಯ ನ್ಯೂನತೆ ಎನ್ನುತ್ತಾರೆ. ಇದಕ್ಕೆ ಬೇಕಾದುದು ಒಂದು ಬಾರಿಯ ಔಷಧವಲ್ಲ, ವರ್ಷಗಟ್ಟಲೆ ದಿನವೂ ನಡೆಯಬೇಕಾದ ಅಭ್ಯಾಸ; ಆದಕಾರಣ ಆಸ್ಪತ್ರೆ ಮತ್ತು ಊರು ಕೈಜೋಡಿಸದೆ ಚಿಕಿತ್ಸೆ ಪೂರ್ಣವಾಗದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಸಂಚಾರಿ ವೈದ್ಯಕೀಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು. ಅದಕ್ಕೂ ಮುನ್ನ, ಹೆರಿಗೆಯ ನಂತರದ 42 ದಿನಗಳಲ್ಲಿ ಮನೆಗೆ ಹಲವು ಬಾರಿ ಬರುವ ಆಶಾ ಕಾರ್ಯಕರ್ತೆಯರ ಕಣ್ಣಿಗೆ ಮಗು ಬಿದ್ದಿರುತ್ತದೆ. ಸಂದೇಹ ಬಂದ ಮಕ್ಕಳನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಮಕ್ಕಳ ತಜ್ಞರು, ಫಿಸಿಯೋಥೆರಪಿಸ್ಟ್, ವಾಕ್ ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಕಡೆ ಪರೀಕ್ಷಿಸಬೇಕೆಂದು ರೂಪಿಸಿರುವ ವಿಭಾಗಕ್ಕೆ ಕಳುಹಿಸಲಾಗುತ್ತದೆ.

ಆದರೆ ಪರೀಕ್ಷೆಯ ಚೀಟಿ ಹಿಡಿದು ಮನೆಗೆ ಮರಳಿದ ಮೇಲೆಯೇ ನಿಜವಾದ ಕೆಲಸ ಶುರುವಾಗುವುದು. ಮಿದುಳಿಗೆ ಎಳವೆಯಲ್ಲಿ ಆದ ಹಾನಿಯಿಂದ ಕೈಕಾಲು ಬಿಗಿಯುವ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಅಂಗಾತ ಮಲಗಿಸಿ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಬೆನ್ನು ನೇರವಾಗಿರಿಸಿ, ಗದ್ದವನ್ನು ಕೊಂಚ ಕೆಳಗೆ ಬಾಗಿಸಿ, ಚಮಚವನ್ನು ಮುಂಭಾಗದಿಂದ ತರಬೇಕೆಂಬುದನ್ನು ತಾಯಿಗೆ ಕೈಹಿಡಿದೇ ಕಲಿಸಬೇಕಾಗುತ್ತದೆ. ಎರಡು ಹಲಗೆಗಳನ್ನು ಗೋಡೆಯ ಮೂಲೆಯಂತೆ ಜೋಡಿಸಿ ಊರಿನ ಬಡಗಿಯೇ ಮಾಡಿಕೊಡಬಹುದಾದ ಮೂಲೆ ಕುರ್ಚಿಯು ಮಗುವಿನ ಭುಜಗಳನ್ನು ಮುಂದಕ್ಕೆ ತಂದು, ಹಿಂದಕ್ಕೆ ಸೆಟೆಯುವ ಕೈಗಳು ಆಟಿಕೆಯನ್ನು ಮುಟ್ಟಲು ಅನುವು ಮಾಡಿಕೊಡುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯುಕ್ತವಾದ ಸಾಧನ ವಿರಳ.

ಇದನ್ನೆಲ್ಲ ಮನೆಯವರೆಗೆ ತಲುಪಿಸಬಲ್ಲವರು ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಮತ್ತು ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ನೀಡುವ ಸಂಪನ್ಮೂಲ ಶಿಕ್ಷಕರು. ಈ ಭಾಗದ ಅನೇಕ ಮನೆಗಳಲ್ಲಿ ತೆಲುಗೋ ಉರ್ದುವೋ ಆಡುಮಾತಾಗಿರುವುದರಿಂದ, ಮಗುವಿನ ಮಾತಿನ ಪ್ರಗತಿಯನ್ನು ಕನ್ನಡದಲ್ಲಿ ಮಾತ್ರ ಅಳೆದರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವ ಉಂಟೆಂಬುದು ಸ್ಥಳೀಯರಾದ ಈ ಕಾರ್ಯಕರ್ತರಿಗೆ ಬೇಗ ಹೊಳೆಯುತ್ತದೆ. ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದು ಸೊಪ್ಪನ್ನು ಎಡೆಬಿಡದೆ ತಿನ್ನುವ ವಾರದಲ್ಲಿ ಶಿಡ್ಲಘಟ್ಟದ ಕಡೆಯ ತಾಯಿಯೊಬ್ಬಳಿಗೆ ವ್ಯಾಯಾಮಕ್ಕೆಂದು ಪ್ರತ್ಯೇಕ ಸಮಯ ಸಿಗುವುದಿಲ್ಲ, ಸ್ನಾನ ಮಾಡಿಸುವಾಗ, ಬಟ್ಟೆ ತೊಡಿಸುವಾಗಲೇ ಅದನ್ನು ಸೇರಿಸಿಕೊಳ್ಳಬೇಕೆಂಬುದೂ ಅವರಿಗೇ ಗೊತ್ತು. ಇಷ್ಟು ಹೊಣೆ ಹೊತ್ತ ಪುನರ್ವಸತಿ ಕಾರ್ಯಕರ್ತರು ಗೌರವಧನವನ್ನೇ ಆಧರಿಸಿ ದುಡಿಯುವಂತಾಗಿರುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ತಜ್ಞರಿಂದ ನಿಯತ ತರಬೇತಿಯೂ ಭದ್ರವಾದ ಸಂಬಳವೂ ಅವರಿಗೆ ಸಿಗಲೇಬೇಕು.

21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ದೃಢಪಟ್ಟ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಆದರೆ ಆರೈಕೆ ಆರನೇ ವರ್ಷದವರೆಗೆ ಕಾಯುವಂಥದ್ದಲ್ಲ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ, ಒಂದೂವರೆ ವರ್ಷವಾದರೂ ನಡೆಯದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಮಗು ನೆರೆಯಲ್ಲಿದ್ದರೆ, ಮುಂದೆ ತಾನಾಗಿಯೇ ಸರಿಹೋದೀತೆಂದು ಸುಮ್ಮನಿರದೆ, ಓದುಗರು ಆ ಮನೆಯವರನ್ನು ಅಂಗನವಾಡಿಗಾಗಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ ಕರೆದೊಯ್ಯಬೇಕು.