ದಿಂಬಂ ತಿರುವಿಗೆ ಮಂಕು ಲೈಟು ಸಾಲದು

ತಾಳವಾಡಿ: ದಿಂಬಂ ಘಾಟಿ ಇಳಿಯುವ ಮುನ್ನ ಬ್ರೇಕು ಹಿಡಿಯುತ್ತದೆಯೇ, ಟೈರಿನಲ್ಲಿ ಗಾಳಿ ಇದೆಯೇ ಎಂದು ಎಲ್ಲರೂ ನೋಡಿಕೊಳ್ಳುತ್ತಾರೆ. ಹೆಡ್‌ಲೈಟಿನ ಮುಖ ಹೇಗಿದೆ ಎಂದು ಬಗ್ಗಿ ನೋಡುವವರು ಕಡಿಮೆ. ಅದು ಹಳದಿಗಟ್ಟಿ, ಹೊಗೆ ಹಿಡಿದ ಲಾಂದ್ರದ ಚಿಮಣಿಯಂತಾಗಿದ್ದರೂ ‘ಉರೀತಾ ಇದೆಯಲ್ಲ, ಸಾಕು’ ಎಂಬ ಸಮಾಧಾನ. 27 ತಿರುವಿನ ಘಾಟಿಯಲ್ಲಿ ಮಂಜು ಕವಿದಾಗ ಈ ಸಮಾಧಾನ ಉಳಿಯುವುದಿಲ್ಲ. ‘ಲೈಟು ಹಾಕಿದ್ರೂ ರೋಡೇ ಕಾಣ್ಸಲ್ಲ ಕಣಣ್ಣ’ ಎಂಬ ದೂರು ಆಗ ಶುರು.

ಈ ರಸ್ತೆಯಲ್ಲಿ ಕಾಣದೇ ಹೋಗುವುದು ಗುಂಡಿ ಒಂದೇ ಅಲ್ಲ. ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ನಡುವಿನ ದಾರಿ ಇದು. ಕಬ್ಬಿನ ಲಾರಿಯ ವಾಸನೆ ಹಿಡಿದು ಆನೆಗಳು ರಸ್ತೆ ಬದಿಗೆ ಬಂದು ನಿಲ್ಲುವುದು ಹಾಸನೂರು, ಕಾರಪಳ್ಳಂ ಕಡೆಯವರಿಗೆ ಹೊಸದಲ್ಲ. ಆನೆಯ ಮೈ ಬೆಳಕನ್ನು ನುಂಗುತ್ತದೆ, ಹಿಂದಿರುಗಿಸುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗಿರುತ್ತದೆ. ಕಂಡ ಮೇಲೆ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ದೂರ ಮುಗಿದಿರುತ್ತದೆ.

ಬಣ್ಣಾರಿ–ಕಾರಪಳ್ಳಂ ನಡುವೆ ರಾತ್ರಿ ಸಂಚಾರ ನಿರ್ಬಂಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಲು 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿತು. ರಾತ್ರಿಯ ಓಡಾಟಕ್ಕೇ ತಡೆ ಇದ್ದ ಮೇಲೆ ಲೈಟಿನ ಚಿಂತೆ ಏಕೆ ಎನ್ನಬಹುದು. ಆದರೆ ಕೋಸು, ಟೊಮೆಟೊ, ಆಲೂಗಡ್ಡೆ ಹೇರಿಕೊಂಡ ಗಾಡಿಗಳಿಗೆ ಗೇಟು ಮುಚ್ಚುವ ಮುನ್ನ ದಾಟುವ ಅವಸರ, ಬೆಳಿಗ್ಗೆ ಗೇಟು ತೆರೆದ ಕೂಡಲೇ ಹೊರಡುವ ತವಕ. ಮುಸ್ಸಂಜೆ ಮತ್ತು ಮುಂಜಾವಿನ ಮಂಜು, ಎರಡೂ ಲೈಟಿಗೆ ಕಷ್ಟದ ಹೊತ್ತೇ.

ಮಂಕಾಗುವುದು ಏಕೆ?

ಹಳೆಯ ಜೀಪು, ಅಂಬಾಸಿಡರ್‌ಗಳ ದುಂಡು ಲೈಟಿಗೆ ನಿಜವಾದ ಗಾಜು ಇತ್ತು. ಅದು ಒಡೆಯುತ್ತಿತ್ತು, ಹಳದಿಯಾಗುತ್ತಿರಲಿಲ್ಲ. ಈಗ ‘ಗಾಜು’ ಎಂದು ಕರೆಯುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಹಗುರ, ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯದು. ಆದರೆ ಬಿಸಿಲಿನ ನೇರಳಾತೀತ ಕಿರಣ ಅದಕ್ಕೆ ಶತ್ರು. ಅದನ್ನು ತಡೆಯಲು ಕಾರ್ಖಾನೆಯಲ್ಲೇ ಮೇಲೊಂದು ತೆಳು ಲೇಪ ಹಾಕಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಧೂಳು ತಿಂದು ಲೇಪ ಸವೆದ ಮೇಲೆ ಪ್ಲಾಸ್ಟಿಕ್ಕೇ ಹಳದಿಯಾಗಿ, ಮೈಯೆಲ್ಲ ಸಣ್ಣ ಬಿರುಕು ಬಿಡುತ್ತದೆ. ಒಳಗಿನ ಬಲ್ಬು ಚೆನ್ನಾಗಿಯೇ ಉರಿಯುತ್ತಿರುತ್ತದೆ. ಬೆಳಕು ಹೊರಗೆ ಬರುವ ಬಾಗಿಲಲ್ಲೇ ಚದುರಿ ಹೋಗುತ್ತದೆ.

ಇದನ್ನು ಮನೆಯಂಗಳದಲ್ಲೇ, ಒಂದು ಮಧ್ಯಾಹ್ನದಲ್ಲಿ ಸರಿಮಾಡಬಹುದು. ಬೇಕಾದದ್ದು ಪೇಂಟ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್. ನೀರಿಗೆ ಅದ್ದಿ ಉಜ್ಜುವ ಕಾರಣ ಅದಕ್ಕೆ ಆ ಹೆಸರು. 800, 1000, 1500, 2000, ಸಿಕ್ಕರೆ 3000 ನಂಬರಿನ ಒಂದೊಂದು ಹಾಳೆ ಸಾಕು. ಮೊದಲು ಸೋಪಿನ ನೀರಲ್ಲಿ ಲೈಟನ್ನು ಚೆನ್ನಾಗಿ ತೊಳೆಯಬೇಕು, ಒಂದು ಮರಳಿನ ಕಣ ಉಳಿದರೂ ಗೀರು ಬೀಳುತ್ತದೆ. ಸುತ್ತಲಿನ ಬಾಡಿಗೆ ಮಾಸ್ಕಿಂಗ್ ಟೇಪ್ ಅಂಟಿಸದಿದ್ದರೆ ಬಾನೆಟ್ಟಿನ ಬಣ್ಣವೂ ಹೋಗುತ್ತದೆ.

800ರಿಂದ ಶುರುಮಾಡಿ, ನೀರು ಬಿಡುತ್ತಾ ಒಂದೇ ದಿಕ್ಕಿಗೆ ಉಜ್ಜುತ್ತಾ ಹೋದರೆ ಹಳದಿ ಹಾಲಿನಂಥ ನೀರು ಇಳಿಯುತ್ತದೆ. ಅದು ಬೆಳ್ಳಗಾಗುವ ತನಕ ಮುಂದಿನ ನಂಬರಿಗೆ ಹೋಗಬಾರದು. ಮುಂದಿನ ಹಾಳೆಯನ್ನು ಅಡ್ಡ ದಿಕ್ಕಿಗೆ ಉಜ್ಜಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ಗೊತ್ತಾಗುತ್ತದೆ. ಈ ಹಂತದಲ್ಲಿ ಲೈಟು ಮೊದಲಿಗಿಂತ ಕೆಟ್ಟದಾಗಿ, ಬೂದಿ ಬಳಿದಂತೆ ಕಾಣುತ್ತದೆ. ‘ಇದ್ದದ್ದನ್ನೂ ಕೆಡಿಸಿದೆವಲ್ಲ’ ಎಂದು ಹೆದರಿ ನಿಲ್ಲಿಸುವವರು ಇಲ್ಲೇ. 2000, 3000 ದಾಟಿ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ತಿಕ್ಕಿದಾಗ ಪಾರದರ್ಶಕತೆ ಮರಳುತ್ತದೆ.

ಕೆಲಸ ಇಲ್ಲಿಗೆ ಮುಗಿಯಿತೆಂದು ಬಿಟ್ಟರೆ ಪಟ್ಟ ಶ್ರಮವೆಲ್ಲ ಕೆಲವು ತಿಂಗಳಿಗೇ ಹಾಳು. ಉಳಿದಿದ್ದ ಲೇಪವನ್ನೂ ಉಜ್ಜಿ ತೆಗೆದಿರುವುದರಿಂದ ಪ್ಲಾಸ್ಟಿಕ್ ಈಗ ಬರಿಮೈಯಲ್ಲಿದೆ. ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟನ್ನು ಧೂಳಿಲ್ಲದ ಜಾಗದಲ್ಲಿ, ತೆಳುವಾಗಿ ಎರಡು ಸಲ ಹೊಡೆದು ಒಣಗಲು ಬಿಡಬೇಕು. ಅರ್ಧ ಗಂಟೆಯಲ್ಲಿ ‘ಹೊಸದರಂತೆ’ ಮಾಡಿಕೊಡುವ ಕಡೆ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ ಹಂತ. ಟೂತ್‌ಪೇಸ್ಟ್ ತಿಕ್ಕುವ ಉಪಾಯವೂ ಅಷ್ಟೇ. ಸ್ವಲ್ಪ ಹೊಳಪು ಬರುತ್ತದೆ, ಬಹಳ ದಿನ ನಿಲ್ಲುವುದಿಲ್ಲ. ಸೊಳ್ಳೆ ಓಡಿಸುವ ಸ್ಪ್ರೇ, ಪೆಟ್ರೋಲ್ ಹಾಕಿ ಒರೆಸುವುದಂತೂ ಬೇಡವೇ ಬೇಡ. ಅವು ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ.

ಮಬ್ಬು ಒಳಗಡೆ ಇದ್ದರೆ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಒಳಗಿನ ಕನ್ನಡಿಯಂಥ ರಿಫ್ಲೆಕ್ಟರ್ ಕಪ್ಪಾಗಿದ್ದರೆ ಲೈಟಿನ ಸೆಟ್ಟನ್ನೇ ಬದಲಿಸಬೇಕು. ಬಟ್ಟೆ ಹಾಕಿ ಒರೆಸಿದರೆ ಅದರ ಮೇಲಿನ ಬೆಳ್ಳಿ ಬಣ್ಣವೇ ಎದ್ದು ಬರುತ್ತದೆ.

ವೈರಿನಲ್ಲಿ ಸೋರುವ ಬೆಳಕು

ಮುಖ ತಿಳಿಯಾದ ಮೇಲೂ ಬೆಳಕು ಕೆಂಪಗಿದ್ದರೆ ಬಲ್ಬಿಗೆ ಕರೆಂಟು ಪೂರ್ತಿ ತಲುಪುತ್ತಿಲ್ಲ ಎಂದರ್ಥ. ಹ್ಯಾಲೊಜೆನ್ ಬಲ್ಬಿನ ಲೆಕ್ಕ ವಿಚಿತ್ರ. ವೋಲ್ಟೇಜು ಶೇ 10ರಷ್ಟು ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ 30ರಷ್ಟು ಇಳಿಯುತ್ತದೆ. ಇಂಜಿನ್ ಓಡುತ್ತಿರುವಾಗ, ಲೈಟು ಹಾಕಿ, ಬ್ಯಾಟರಿಯ ಬಳಿ ಒಮ್ಮೆ, ಬಲ್ಬಿನ ಹೋಲ್ಡರಿನ ಬಳಿ ಒಮ್ಮೆ ಮೀಟರ್ ಹಿಡಿದು ನೋಡಿದರೆ ಕಳ್ಳ ಎಲ್ಲಿದ್ದಾನೆ ಎಂದು ಗೊತ್ತಾಗುತ್ತದೆ. ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಪ್ಪು ಬಲ್ಬಿನದಲ್ಲ. ತುಕ್ಕು ಹಿಡಿದ ಅರ್ತ್ ವೈರನ್ನು ಬಿಚ್ಚಿ, ಕೆರೆದು, ಬಿಗಿಯಾಗಿ ಕಟ್ಟಿದರೇ ಎಷ್ಟೋ ಗಾಡಿ ಸರಿಹೋಗುತ್ತವೆ. ಹಳೆಯ ಗಾಡಿಗೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಫ್ಯೂಸು ಮತ್ತು ರಿಲೇ ಹಾಕಿಸುವುದು ಇನ್ನೂ ಒಳ್ಳೆಯದು. ಸ್ವಿಚ್ಚಿನ ಸಣ್ಣ ವೈರು ಆಗ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ.

ಇದನ್ನು ಬಿಟ್ಟು ಹೆಚ್ಚಿನವರು ಓಡುವುದು ದೊಡ್ಡ ಬಲ್ಬಿಗೆ. ಹಳೆಯ ಕಾರು, ಜೀಪುಗಳಲ್ಲಿ ಸಾಮಾನ್ಯವಾದ ಎಚ್4 ಬಲ್ಬು 60/55 ವ್ಯಾಟಿನದು. ಅದರ ಜಾಗಕ್ಕೆ 100/90 ವ್ಯಾಟ್ ತುರುಕಿದರೆ ಸಣ್ಣ ವೈರು ಬಿಸಿಯಾಗಿ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ. ಈಚೆಗೆ ಅದರ ಬದಲು ಬೆಳ್ಳನೆಯ ಎಲ್‌ಇಡಿ ಬಂದಿದೆ. ಹ್ಯಾಲೊಜೆನ್ ಬಲ್ಬಿನ ತಂತಿ ಎಲ್ಲಿರುತ್ತದೋ ಅದೇ ಬಿಂದುವಿಗೆ ಲೆಕ್ಕ ಹಾಕಿ ರಿಫ್ಲೆಕ್ಟರನ್ನು ರೂಪಿಸಿರುತ್ತಾರೆ. ಎಲ್‌ಇಡಿ ಅದಕ್ಕೆ ಸರಿಯಾಗಿ ಹೊಂದದಿದ್ದರೆ ಬೆಳಕು ರಸ್ತೆ ಬಿಟ್ಟು ನಾಲ್ಕೂ ಕಡೆ ಚೆಲ್ಲುತ್ತದೆ. ಹಾಕಿಸಿದವನಿಗೆ ಹತ್ತಿರದ ರಸ್ತೆ ಝಗ್ಗೆಂದು ಕಂಡು ಖುಷಿ. ತಿರುವಿನಲ್ಲಿ ಎದುರು ಬರುವ ಬಸ್ಸಿನ ಡ್ರೈವರಿಗೆ ಕಣ್ಣು ಕತ್ತಲೆ. ಇಕ್ಕಟ್ಟಾದ ಘಾಟಿಯಲ್ಲಿ ಅವನಿಗೆ ಕಾಣದಿದ್ದರೆ ಅಪಾಯ ಇಬ್ಬರಿಗೂ. ಮಂಜಿನಲ್ಲಂತೂ ಚೆಲ್ಲಿದ ಬೆಳಕೆಲ್ಲ ಬಿಳಿ ಗೋಡೆಯಾಗಿ ಹಾಕಿಸಿದವನ ಕಣ್ಣಿಗೇ ವಾಪಸ್. ಕಾರ್ಖಾನೆ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಒಪ್ಪುವುದೂ ಇಲ್ಲ.

ಲೈಟು ಏರಿಸಲೇಬೇಕೆಂದರೆ ಅದೇ ವ್ಯಾಟಿನ, ಹೆಚ್ಚು ಬೆಳಕಿನ ಒಳ್ಳೆಯ ಕಂಪನಿಯ ಹ್ಯಾಲೊಜೆನ್ ಬಲ್ಬು ಇದೆ. ಬಾಳಿಕೆ ಸ್ವಲ್ಪ ಕಡಿಮೆ, ಅಷ್ಟೇ. ಎರಡೂ ಕಡೆ ಒಟ್ಟಿಗೇ ಬದಲಿಸಬೇಕು. ಬಲ್ಬಿನ ಗಾಜಿಗೆ ಬೆರಳು ತಾಗಿಸಬಾರದು. ಕೈಯ ಜಿಡ್ಡು ಅಂಟಿದ ಕಡೆ ಕಾವು ಹೆಚ್ಚಾಗಿ ಬಲ್ಬು ಬೇಗ ಹೋಗುತ್ತದೆ. ಮಂಜಿಗೆ ಬಂಪರಿನ ಕೆಳಗೆ ತಗ್ಗಿನಲ್ಲಿ ಕೂರುವ ಫಾಗ್ ಲ್ಯಾಂಪ್ ಆದೀತು.

ಕೊನೆಯ ಕೆಲಸಕ್ಕೆ ಕಾಸು ಬೇಡ, ಒಂದು ಗೋಡೆ, ಸುಣ್ಣದ ತುಂಡು ಸಾಕು. ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿ, ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆಯಬೇಕು. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ ಎಡಗಡೆ ಮಾತ್ರ ಅಂಚು ಸ್ವಲ್ಪ ಮೇಲಕ್ಕೆ ಏರಿರುತ್ತದೆ. ಬಲಕ್ಕೆ ಏರಿದ್ದರೆ ಆ ಲೈಟು ಬೇರೆ ದೇಶದ ರಸ್ತೆಗೆ ಮಾಡಿದ್ದು.

ತಾಳವಾಡಿಯ ತರಕಾರಿ ಗಾಡಿಯವರು ಇದನ್ನು ಖಾಲಿ ಗಾಡಿಯಲ್ಲಿ ನೋಡಿ ಬಿಡುವಂತಿಲ್ಲ. ಹಿಂದೆ ಮೂಟೆ ಬಿದ್ದ ಕೂಡಲೇ ಮೂತಿ ಮೇಲೇಳುತ್ತದೆ, ಸರಿಯಿದ್ದ ಲೈಟೂ ಎದುರಿನವನ ಕಣ್ಣಿಗೆ ನೆಡುತ್ತದೆ. ಕೋಸು ತುಂಬಿದ ಮೇಲೆ, ಹಗ್ಗ ಬಿಗಿದ ಮೇಲೆ, ಇನ್ನೊಮ್ಮೆ ಗೋಡೆಯ ಮುಂದೆ ನಿಲ್ಲಿಸಿ ನೋಡಬೇಕು.