ಗಾಳಿಯೇ ವಿಷವಾಗುವ ಆಳದಲ್ಲಿ

ಹನ್ನೊಂದು ಕಿಲೋಮೀಟರ್, ಅದೂ ನೆಲದಡಿಯ ನೀರಿನಲ್ಲಿ! 2007ರ ಡಿಸೆಂಬರ್ 15ರಂದು ಅಮೆರಿಕದ ಫ್ಲಾರಿಡಾದಲ್ಲಿ ಜ್ಯಾರಡ್ ಜಬ್ಲಾನ್‌ಸ್ಕಿ ಮತ್ತು ಕೇಸಿ ಮೆಕಿನ್ಲೆ ಟರ್ನರ್ ಸಿಂಕ್ ಎಂಬ ಕುಸಿದ ಗುಂಡಿಯೊಳಗೆ ಮುಳುಗಿದರು. ಎದ್ದದ್ದು ವಕುಲ್ಲಾ ಬುಗ್ಗೆಯಲ್ಲಿ. ನಡುವೆ ಇದ್ದದ್ದು ನೀರು ತುಂಬಿದ ಸುಣ್ಣಕಲ್ಲಿನ ಗುಹೆ. ಆಳ 90 ಮೀಟರಿನ ಆಸುಪಾಸು. ತಲೆಯ ಮೇಲೆ ಬಂಡೆ, ಸುತ್ತ ಕಗ್ಗತ್ತಲೆ. ಗುಹೆ ದಾಟಲು ಸುಮಾರು 7 ಗಂಟೆ ಹಿಡಿಯಿತು. ಮೇಲೇರಲು? ಇನ್ನೂ ಸುಮಾರು 14 ಗಂಟೆ!

ಅಷ್ಟು ಹೊತ್ತು ಅವರು ಉಸಿರಾಡಿದ್ದೇನು? ನಾವು ಉಸಿರಾಡುವ ಗಾಳಿಯನ್ನಂತೂ ಅಲ್ಲ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. 90 ಮೀಟರಿನಲ್ಲಿ ಒತ್ತಡ ನೆಲದ ಮೇಲಿನದರ ಹತ್ತು ಪಟ್ಟು. ಅಲ್ಲಿ ಪ್ರಾಣವಾಯುವೇ ಪ್ರಾಣಕ್ಕೆ ಎರವು! ಆಮ್ಲಜನಕದ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, 1.6 ವಾಯುಮಂಡಲ ದಾಟಬಾರದೆಂಬುದು ಡೈವರುಗಳ ಲಕ್ಷ್ಮಣರೇಖೆ. ಆ ಆಳದಲ್ಲಿ ಮಾಮೂಲಿ ಗಾಳಿ ಅದನ್ನು 2.1ಕ್ಕೆ ಒಯ್ಯುತ್ತದೆ. ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬಂದೀತು. ಸಾರಜನಕದ ಕಾಟ ಬೇರೆ: 30 ಮೀಟರ್ ದಾಟಿದರೆ ಸಾಕು, ಮೆಲ್ಲಗೆ ಅಮಲೇರಿಸುತ್ತದೆ.

ಹಾಗಾದರೆ ಗಾಳಿಯನ್ನೇ ಹೊಸದಾಗಿ ಬೆರೆಸಬೇಕು! ಅದೇ ಟ್ರೈಮಿಕ್ಸ್. ಇಂಥ ಆಳಕ್ಕೆ ಒಂದು ಹದ: ಆಮ್ಲಜನಕ ಶೇ. 10, ಹೀಲಿಯಂ ಶೇ. 70, ಉಳಿದದ್ದು ಸಾರಜನಕ. ಈಗ 90 ಮೀಟರಿನಲ್ಲೂ ಸಾರಜನಕದ ಅಮಲು ಬರೀ 15 ಮೀಟರಿನಲ್ಲಿ ಮಾಮೂಲಿ ಗಾಳಿ ಉಸಿರಾಡಿದಷ್ಟು! ಆದರೆ ಇದೇ ಮಿಶ್ರಣವನ್ನು ದಡದಲ್ಲಿ ನಿಂತು ಉಸಿರಾಡಿದರೆ ಆಮ್ಲಜನಕ ಸಾಲದೆ ಎಚ್ಚರ ತಪ್ಪಬಹುದು. ಕೆಳಗೆ ಕಾಯುವುದು ಮೇಲೆ ಕೊಲ್ಲುತ್ತದೆ, ಮೇಲೆ ಕಾಯುವುದು ಕೆಳಗೆ! ಹೀಲಿಯಂ ಇಲ್ಲಿಗೆ ಬಂದ ದಾರಿಯೂ ಸೋಜಿಗವೇ. 1868ರ ಆಗಸ್ಟ್ 18ರ ಗ್ರಹಣ ನೋಡಲು ಖಗೋಳಜ್ಞರು ನಮ್ಮ ಗುಂಟೂರಿನ ಸೀಮೆಯಲ್ಲಿ ಬೀಡುಬಿಟ್ಟಿದ್ದರು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಕಂಡ ಒಂದು ಹಳದಿ ಗೆರೆಯೇ ಈ ಅನಿಲದ ಮೊದಲ ಸುಳಿವು. ಸೂರ್ಯನಲ್ಲಿ ಸಿಕ್ಕಿದ್ದು ಇಂದು ಬಿಸಿಲೇ ಕಾಣದ ಗುಹೆಯಲ್ಲಿ ಉಸಿರಾಗಿದೆ!

ಇನ್ನು ಲೆಕ್ಕ ನೋಡಿ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿಸಿದರೆ ನೆಲದ ಮೇಲೆ ಎರಡು ಗಂಟೆ ಬಂದೀತು. 90 ಮೀಟರಿನಲ್ಲಿ? ಹನ್ನೆರಡೇ ನಿಮಿಷ! ಆದ್ದರಿಂದಲೇ ಬಿಟ್ಟ ಉಸಿರನ್ನು ಶುದ್ಧಗೊಳಿಸಿ ಮತ್ತೆ ಕೊಡುವ ರೀಬ್ರೀದರ್, ಎಳೆದೊಯ್ಯುವ ಸ್ಕೂಟರ್, ದಾರಿಯಲ್ಲಿ ಮೊದಲೇ ಇಟ್ಟ ಸಿಲಿಂಡರುಗಳು. ಅವನ್ನೆಲ್ಲ ಹೊತ್ತು ಇಳಿದವರು ವುಡ್‌ವಿಲ್ ಕಾರ್ಸ್ಟ್ ಪ್ಲೇನ್ ಪ್ರಾಜೆಕ್ಟ್ ಎಂಬ ಗುಹಾಶೋಧ ತಂಡದ ಜೊತೆಗಾರರು. ದಾಖಲೆಯಲ್ಲಿ ಹೆಸರು ಎರಡು. ದುಡಿದ ಕೈ ಹತ್ತಾರು.

ಮೇಲೇರುವಾಗ ಅವಸರ ಸಲ್ಲದು. ಗೋಲಿಸೋಡಾ ತೆರೆದಂತೆ ರಕ್ತದಲ್ಲಿ ಗುಳ್ಳೆಗಳೆದ್ದಾವು. ತುಸು ಏರು, ನಿಲ್ಲು, ಮತ್ತೆ ತುಸು ಏರು. 21 ಮೀಟರಿಗೆ ಬಂದಾಗ ಅರ್ಧಕ್ಕರ್ಧ ಆಮ್ಲಜನಕದ ಮಿಶ್ರಣ, 6 ಮೀಟರಿನಲ್ಲಿ ಅಪ್ಪಟ ಆಮ್ಲಜನಕ. ತಪ್ಪು ಆಳದಲ್ಲಿ ತಪ್ಪು ಸಿಲಿಂಡರ್ ಬಾಯಿಗಿಟ್ಟರೆ ಮುಗಿಯಿತು. ಅದಕ್ಕೇ ಸಿಲಿಂಡರಿನ ಮೇಲೆ ದಪ್ಪ ಅಂಕಿಗಳಲ್ಲಿ ಆಳ ಬರೆದಿರುತ್ತದೆ. ಸಂಗಾತಿ ಅದನ್ನು ಓದಿ ಒಪ್ಪಿದ ಮೇಲಷ್ಟೇ ಬದಲಾವಣೆ.

1998ರಲ್ಲಿ ಜಬ್ಲಾನ್‌ಸ್ಕಿ ಹುಟ್ಟುಹಾಕಿದ ಜಿಯುಇ ಎಂಬ ಡೈವಿಂಗ್ ಸಂಸ್ಥೆಯ ತರಬೇತಿಯಲ್ಲಿ ಮೊದಲ ಪಾಠ ಆಳವಲ್ಲ, ಅಲುಗಾಡದೆ ತೇಲುವುದು! ಆಮೇಲೆ ಮುಖವಾಡವಿಲ್ಲದೆ ಈಜು, ಕತ್ತಲಲ್ಲಿ ಹಗ್ಗ ಮುಟ್ಟಿಕೊಂಡು ಹಿಂದಿರುಗುವುದು, ಸುಮಾರು ಎರಡು ಮೀಟರ್ ಕೊಳವೆಯಿಂದ ಉಸಿರು ಹಂಚಿಕೊಳ್ಳುವುದು. ಅಲ್ಲಿ ತಂಡಕ್ಕೆ ಮೆಚ್ಚಿನ ಸಂಖ್ಯೆ ಮೂರು. ಒಬ್ಬನ ಅನಿಲ ಮುಗಿದರೆ ಕೊಡಲು ಇಬ್ಬರು. ಒಬ್ಬನ ದೀಪ ಆರಿದರೆ ಎರಡು ದೀಪ. ನಾಲ್ವರಾದರೆ ಒಬ್ಬರಿಗೊಬ್ಬರು ಕಣ್ಣಿಡುವುದೇ ಕಷ್ಟ.

ಎಲ್ಲಕ್ಕಿಂತ ಬೆರಗಿನ ನಿಯಮ ಇನ್ನೊಂದಿದೆ. ಹೆಬ್ಬೆರಳೆತ್ತಿದರೆ ಅಲ್ಲಿ ಶಹಬ್ಬಾಸ್ ಎಂದಲ್ಲ, ಮೇಲೆ ಹೋಗೋಣ ಎಂದು. ತಂಡದ ಎಳೆಯ ಸದಸ್ಯನೂ ಯಾವ ಕ್ಷಣದಲ್ಲಾದರೂ ಅದನ್ನು ಎತ್ತಬಹುದು. ಕಾರಣ ಯಾರೂ ಕೇಳುವಂತಿಲ್ಲ. ವರ್ಷಗಟ್ಟಲೆ ಹೂಡಿದ ಯೋಜನೆಯೂ ಆ ಬೆರಳಿಗೆ ತಲೆಬಾಗಲೇಬೇಕು!